ಬಿಗಿ ಮಾಡಿದಷ್ಟೂ ಸೋರುವ ಕಿಟಕಿ

ಬಿಸಿಯಾದ ವಸ್ತು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಇದನ್ನು ಉಷ್ಣ ವ್ಯಾಕೋಚನ ಎಂದು ಓದುತ್ತೇವೆ. ರೈಲು ಹಳಿಗಳ ನಡುವಿನ ಸಂದಿನ ಉದಾಹರಣೆ ಎಲ್ಲರಿಗೂ ಗೊತ್ತು. ಇಂದು ಬೇರೊಂದು ಉದಾಹರಣೆ ನೋಡೋಣ: ಹಳೆಯ ಹಾಯಿದೋಣಿಯ ಸೋರುವ ಕಿಟಕಿ.

ಸಮಸ್ಯೆ ಏನು?

1960 ಮತ್ತು 70ರ ದಶಕಗಳಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಫೈಬರ್‌ಗ್ಲಾಸ್ ಹಾಯಿದೋಣಿಗಳು ಬಹಳ ತಯಾರಾದವು. ಹಲವು ಇಂದಿಗೂ ಬಳಕೆಯಲ್ಲಿವೆ. ಅವುಗಳ ಕ್ಯಾಬಿನ್ನಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆಯ ಕಿಟಕಿ ಇರುವುದು ಸಾಮಾನ್ಯ. ಅಕ್ರಿಲಿಕ್ ಹಗುರ, ಗಾಜಿನಂತೆ ಸುಲಭವಾಗಿ ಒಡೆಯದು. ಆದರೆ ವರ್ಷಗಳು ಕಳೆದಂತೆ ಅಂಚಿನಲ್ಲಿ ನೀರು ಜಿನುಗತೊಡಗುತ್ತದೆ. ಹಾಸಿಗೆ ನೆನೆಯುವುದು ಸಣ್ಣ ತೊಂದರೆ. ಒಳಗೋಡೆಯ ಪ್ಲೈವುಡ್ ಕೊಳೆತರೆ, ಉಪ್ಪುನೀರು ವಿದ್ಯುತ್ ತಂತಿಗಳ ಜೋಡಣೆಗೆ ತುಕ್ಕು ಹಿಡಿಸಿದರೆ, ನಡುಗಡಲಿನಲ್ಲಿ ಅಪಾಯ.

ಆಗ ಹೆಚ್ಚಿನವರು ಮಾಡುವುದು ಎರಡು ಕೆಲಸ: ಬೋಲ್ಟುಗಳನ್ನು ಇನ್ನಷ್ಟು ಬಿಗಿಮಾಡುವುದು, ಹೊರಗಿನಿಂದ ಸೀಲೆಂಟ್ ಮೆತ್ತುವುದು. ಎರಡೂ ಹೆಚ್ಚು ದಿನ ನಿಲ್ಲುವುದಿಲ್ಲ. ಏಕೆ?

ಲೆಕ್ಕ ಹಾಕೋಣ

ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 1 ಮೀಟರ್ ಅಕ್ರಿಲಿಕ್ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಸುಮಾರು 0.025 ಮಿ.ಮೀ., ಗಾಜು ಸುಮಾರು 0.009 ಮಿ.ಮೀ. ಮಾತ್ರ.

ಕಿಟಕಿಯ ಉದ್ದ 1 ಮೀಟರ್, ಚಳಿಗಾಲದ ರಾತ್ರಿಗೂ ಬೇಸಿಗೆಯ ಬಿಸಿಲಿಗೂ ಉಷ್ಣತೆಯ ವ್ಯತ್ಯಾಸ 40 ಡಿಗ್ರಿ ಎಂದುಕೊಳ್ಳಿ.

ಅಕ್ರಿಲಿಕ್: 0.07 × 40 = 2.8 ಮಿ.ಮೀ.
ಫೈಬರ್‌ಗ್ಲಾಸ್: 0.025 × 40 = 1.0 ಮಿ.ಮೀ.
ವ್ಯತ್ಯಾಸ: 1.8 ಮಿ.ಮೀ.

ಕಿಟಕಿ ನಡುವಿನಿಂದ ಎರಡೂ ಕಡೆಗೆ ಹಿಗ್ಗುವುದರಿಂದ ಪ್ರತಿ ತುದಿ 0.9 ಮಿ.ಮೀ. ಸರಿಯುತ್ತದೆ. ಮಧ್ಯದ ಸೀಲೆಂಟ್ ಇದನ್ನು ತಾಳಿಕೊಳ್ಳಬೇಕು.

ಈಗ ಪೈಥಾಗೊರಸ್ ಪ್ರಮೇಯ ನೆನಪಿಸಿಕೊಳ್ಳಿ. ಸೀಲೆಂಟಿನ ದಪ್ಪ ಒಂದು ಭುಜ, ತುದಿ ಸರಿದ ದೂರ ಇನ್ನೊಂದು ಭುಜ, ಹಿಗ್ಗಿದ ಸೀಲೆಂಟಿನ ಉದ್ದವೇ ಕರ್ಣ. ದಪ್ಪ 3 ಮಿ.ಮೀ. ಇದ್ದರೆ ಕರ್ಣ 3.13 ಮಿ.ಮೀ.; ಹಿಗ್ಗಿದ್ದು ಶೇ. 4ರಷ್ಟು. ಬೋಲ್ಟ್ ಬಿಗಿಮಾಡಿ ಸೀಲೆಂಟನ್ನು ಹಿಂಡಿ 0.5 ಮಿ.ಮೀ.ಗೆ ಇಳಿಸಿದರೆ ಕರ್ಣ 1.03 ಮಿ.ಮೀ.; ಅಂದರೆ ಅದು ತನ್ನ ದಪ್ಪದ ಎರಡು ಪಟ್ಟಿಗೂ ಮೀರಿ ಹಿಗ್ಗಬೇಕು! ಮತ್ತೆ ಮತ್ತೆ ಹೀಗೆ ಎಳೆದಾಡಿದರೆ ಅಂಟು ಬಿಡದೆ ಇರುತ್ತದೆಯೇ? ಬಿಗಿ ಮಾಡಿದಷ್ಟೂ ಕಿಟಕಿ ಸೋರುವ ಗುಟ್ಟು ಇದೇ.

ಸರಿಯಾದ ವಿಧಾನ

1. ಕಿಟಕಿಯನ್ನು ಪೂರ್ತಿ ಬಿಚ್ಚಿ, ಹಳೆಯ ಸೀಲೆಂಟನ್ನು ಕೆರೆದು ತೆಗೆಯಬೇಕು. ಹಳೆಯ ಸಿಲಿಕೋನಿನ ಪದರದ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ.

2. ಅಕ್ರಿಲಿಕ್ಕನ್ನು ಸೌಮ್ಯ ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕು. ಅಸಿಟೋನ್ ಅಥವಾ ಸ್ಪಿರಿಟ್ ತಾಗಿದರೆ ಅದರಲ್ಲಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಈಗಾಗಲೇ ಬಿರುಕು ಬಿಟ್ಟಿದ್ದರೆ ಹೊಸ ಹಾಳೆಯೇ ಬೇಕು.

3. ಬೋಲ್ಟ್ 6 ಮಿ.ಮೀ. ಇದ್ದರೆ ಅಕ್ರಿಲಿಕ್ಕಿನ ರಂಧ್ರ 8 ಮಿ.ಮೀ. ಇರಲಿ. ಆಗ ಸುತ್ತಲೂ 1 ಮಿ.ಮೀ. ಜಾಗ ಸಿಗುತ್ತದೆ, ನಮ್ಮ ಲೆಕ್ಕದ 0.9 ಮಿ.ಮೀ. ಅದರೊಳಗೆ ಅಡಗುತ್ತದೆ.

4. ಅಂಚಿನಲ್ಲಿ ಅಲ್ಲಲ್ಲಿ 3 ಮಿ.ಮೀ. ದಪ್ಪದ ರಬ್ಬರ್ ತುಂಡುಗಳನ್ನಿಟ್ಟು, ಸೀಲೆಂಟನ್ನು ಎಲ್ಲೂ ಕಡಿಯದಂತೆ ಹಚ್ಚಬೇಕು. ಕಿಟಕಿಯನ್ನು ಮೆಲ್ಲನೆ ಒತ್ತಬೇಕು. ಸೀಲೆಂಟ್ ಪೂರ್ತಿ ಗಟ್ಟಿಯಾದ ಮೇಲೆಯೇ ಬೋಲ್ಟುಗಳನ್ನು ಸ್ವಲ್ಪ ತಿರುಗಿಸಬೇಕು.

ಯಾವ ಸೀಲೆಂಟ್?

ಇಲ್ಲಿ ರಸಾಯನಶಾಸ್ತ್ರ ಬರುತ್ತದೆ. ಪಾಲಿಸಲ್ಫೈಡ್ ಅಕ್ರಿಲಿಕ್ಕನ್ನು ಹಾಳುಮಾಡಬಲ್ಲದು. ಪಾಲಿಯುರೆಥೇನ್ ಬಳಸಿದರೆ, ಪಾರದರ್ಶಕ ಹಾಳೆಯ ಮೂಲಕ ಬರುವ ಬಿಸಿಲಿಗೆ ಅದರ ಹಿಡಿತ ಸಡಿಲವಾಗುತ್ತದೆ. ಸಿಲಿಕೋನ್ ಸೂಕ್ತ, ಅದರಲ್ಲೂ ವ್ಯತ್ಯಾಸವಿದೆ. ಗಟ್ಟಿಯಾಗುವಾಗ ವಿನಿಗರ್ ವಾಸನೆ ಬರುವ ಬಗೆ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅಲ್ಯೂಮಿನಿಯಂ ಚೌಕಟ್ಟಿದ್ದರೆ ಅದನ್ನು ಕೊರೆಯುತ್ತದೆ. ಆಮ್ಲ ಬಿಡದ ತಟಸ್ಥ ಸಿಲಿಕೋನ್ ಒಳ್ಳೆಯದು.

ನೀರನ್ನು ತಡೆಯುವುದು ಬೋಲ್ಟಿನ ಬಲವಲ್ಲ, ಹಿಗ್ಗಲು ಬಿಟ್ಟ ಜಾಗ. ಸೂತ್ರವನ್ನು ಬಾಯಿಪಾಠ ಮಾಡಿದವರೆಲ್ಲ ಈ ಕಿಟಕಿಯನ್ನು ಸರಿಪಡಿಸಲಾರರು. ಅರ್ಥ ಮಾಡಿಕೊಂಡವರು ಸರಿಪಡಿಸಬಲ್ಲರು.

ನೀವೇ ಉತ್ತರಿಸಿ

1. ಇದೇ ಕಿಟಕಿಗೆ ಅಕ್ರಿಲಿಕ್ ಬದಲು ಗಾಜು ಹಾಕಿದರೆ ಪ್ರತಿ ತುದಿ ಎಷ್ಟು ಸರಿಯುತ್ತದೆ?

2. ಕಿಟಕಿ ಕೂರಿಸಲು ತೀರಾ ಚಳಿಯ ದಿನವೂ ಬೇಡ, ಸುಡುಬಿಸಿಲಿನ ದಿನವೂ ಬೇಡ ಎನ್ನುತ್ತಾರೆ. ಕಾರಣವೇನು?

ಉತ್ತರ ಬರೆದು ನಿಮ್ಮ ಭೌತಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ.