ದುಃಖದ ಮೇಲಣ ದುಃಖ

ದುಃಖ ಬರುವುದೊಂದು, ‘ಇಷ್ಟಲಿಂಗವ ಧರಿಸಿದ ನನಗೆ ದುಃಖವೇಕೆ, ನಿಷ್ಠೆಯಲ್ಲಿ ಕುಂದಿದೆಯೆ?’ ಎಂದು ಅದಕ್ಕಾಗಿ ನಾಚುವುದು ಮತ್ತೊಂದು. ಮೊದಲನೆಯದು ಬಂದಂತೆ ಹೋಗಬಹುದು. ಎರಡನೆಯದು ಮನದಲ್ಲಿ ಬೇರೂರುವುದು. ಸದ್ಭಕ್ತರ ಮನೆಗಳಲ್ಲಿಯೇ ಈ ಎರಡನೆಯದು ಹೆಚ್ಚೆಂದು ನಮಗೆ ತೋರುತ್ತದೆ.

ಸದ್ಭಕ್ತರು ಬಸವಣ್ಣನವರ ಭಕ್ತಸ್ಥಲದ ವಚನಗಳನ್ನು ಮತ್ತೊಮ್ಮೆ ಓದಿ ನೋಡಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಆ ಮಹಾನುಭಾವರು ತಮ್ಮ ಮನದ ಚಂಚಲತೆಯನ್ನು, ಅಂಜಿಕೆಯನ್ನು, ಅಳಲನ್ನು ಮುಚ್ಚಿಡಲಿಲ್ಲ. ಕೂಡಲಸಂಗಮದೇವನ ಮುಂದೆ ಒಂದೊಂದನ್ನೂ ಹೆಸರಿಟ್ಟು ಹೇಳಿಕೊಂಡರು. ಅಕ್ಕಮಹಾದೇವಿಯ ವಿರಹವೂ ಹಾಗೆಯೇ ಬಿಚ್ಚಿಟ್ಟದ್ದು. ಇದನ್ನು ದೌರ್ಬಲ್ಯವೆನ್ನುವವರು ವಚನಗಳನ್ನು ಅರ್ಧ ಓದಿದವರು.

ಬ್ರೆಟ್ ಫೋರ್ಡ್, ಐರಿಸ್ ಮಾಸ್ ಮೊದಲಾದ ಮನಃಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನವೂ, ತಮ್ಮ ಕಹಿಭಾವಗಳನ್ನು ನಿಂದಿಸದೆ ಒಪ್ಪಿಕೊಳ್ಳುವವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯೆಂದು ಕಂಡಿತು. ಒಪ್ಪುವುದೆಂದರೆ ಕೋಪಕ್ಕೆ ವಶವಾಗುವುದಲ್ಲ. ‘ಕೋಪ ಬಂದಿದೆ’ ಎಂದು ಕಾಣುವುದು. ಕಂಡಮೇಲೆ ಅದನ್ನು ಲಿಂಗದ ಮುಂದಿಡಬಹುದು, ಕಾಣದುದನ್ನು ಅರ್ಪಿಸುವುದೆಂತು?

ಆದರೆ ವಾರಗಟ್ಟಲೆ ನಿದ್ರೆ, ಅನ್ನ, ಪೂಜೆ ಯಾವುದೂ ಸೇರದಿದ್ದರೆ ಅದು ರೋಗವಿರಬಹುದು. ವಿಭೂತಿ ಧರಿಸಿಯೇ ವೈದ್ಯರಲ್ಲಿಗೆ ನಡೆಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.