ಹೇಳಿದ ಹೊತ್ತಿಗೆ ಹೋಗಿ

ಮಕ್ಕಳೇ, ಕಾಲೇಜು ಸೇರಿದ ವರ್ಷ ರಾಷ್ಟ್ರೀಯ ಸೇವಾ ಯೋಜನೆಗೆ (ಎನ್‌ಎಸ್‌ಎಸ್) ಹೆಸರು ಕೊಡಿ ಎನ್ನುತ್ತಾರೆ. ಧಾರಾಳವಾಗಿ ಕೊಡಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ ಶುರುವಾದ ಈ ಯೋಜನೆ ನಿಮ್ಮಿಂದ ವರ್ಷಕ್ಕೆ 120 ಗಂಟೆ ಕೇಳುತ್ತದೆ. ವಾರಕ್ಕೆ ಹಂಚಿದರೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಆದರೆ ಅದನ್ನು ಏಳು ದಿನದ ಶಿಬಿರದಲ್ಲೂ ನಾಲ್ಕು ಜಯಂತಿಗಳಲ್ಲೂ ಮುಗಿಸಿ ಕೈತೊಳೆದುಕೊಳ್ಳಬೇಡಿ. ನೆರವು ಬೇಕಾದ ಒಂದು ಮನೆ ಹುಡುಕಿ, ಪ್ರತಿ ವಾರ, ಅದೇ ಮನೆಗೆ, ಹೇಳಿದ ಹೊತ್ತಿಗೆ ಹೋಗಿ. ಸೇವೆಯಲ್ಲಿ ನಾನು ಕಂಡುಕೊಂಡ ದೊಡ್ಡ ಮಾತು ಇದೊಂದೇ.

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. ನಮ್ಮ ಭದ್ರಾವತಿಯ ಕಾಗದನಗರದಲ್ಲೇ ಸುತ್ತು ಹಾಕಿ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್‌ನ (ಎಂಪಿಎಂ) ಯಂತ್ರಗಳು ನಿಂತು ವರ್ಷಗಳೇ ಆದವು. ಅಲ್ಲಿ ಪಾಳಿ ಮಾಡಿ ನಿವೃತ್ತರಾದವರು ಎಂಪಿಎಂ ಸುತ್ತಮುತ್ತ ಈಗಲೂ ಇದ್ದಾರೆ. ಅತ್ತ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ (ವಿಐಎಸ್‌ಎಲ್) ಕಡೆ ಹೋದರೂ ಅಂಥವರೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿ, ಇಬ್ಬರು ಮುದುಕರಷ್ಟೇ ಉಳಿದಿದ್ದಾರೆ. ಅವರಿಗೆ ಏನು ಬೇಕೆಂದು ನೀವೇ ತೀರ್ಮಾನಿಸಬೇಡಿ, ಬಾಯಿಬಿಟ್ಟು ಕೇಳಿ.

ಬಹಳ ಜನ ಹೇಳುವುದು ಜೀವಿತ ಪ್ರಮಾಣಪತ್ರದ ಪಾಡು. ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂದು ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ದುಡಿದು ಸವೆದ ಬೆರಳನ್ನು ಯಂತ್ರದ ಮೇಲೆ ಎಷ್ಟು ಒತ್ತಿದರೂ ಗುರುತು ಮೂಡುವುದಿಲ್ಲ. ಒರೆಸಿ, ಮತ್ತೆ ಒತ್ತಿ, ಕೊನೆಗೆ ‘ನಾಳೆ ಬನ್ನಿ’ ಅನ್ನಿಸಿಕೊಂಡು ಆಟೋ ಹತ್ತುತ್ತಾರೆ. ಈಗ ಮೊಬೈಲ್ ಮುಂದೆ ಮುಖ ತೋರಿಸಿಯೇ ಇದನ್ನು ಮುಗಿಸಬಹುದು. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಪಿಂಚಣಿದಾರರು ನವೆಂಬರ್‌ಗೆ ಕಾಯಬೇಕಿಲ್ಲ. ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಇದೊಂದು ತಿಳಿಸಿದರೆ ಸಾಕು, ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ಆ ಕೆಲಸ ಮಾಡುವಾಗ ಕೆಲವು ಮರ್ಯಾದೆಗಳಿವೆ. ಅವರ ಫೋನನ್ನು ಅವರ ಕೈಯಲ್ಲೇ ಬಿಡಿ. ಒತ್ತುವುದು ಅವರ ಬೆರಳಾಗಲಿ, ತೋರಿಸುವುದು ನಿಮ್ಮದಾಗಲಿ. ಆಧಾರ್ ಸಂಖ್ಯೆ ಬರೆದುಕೊಳ್ಳಬೇಡಿ. ಒಟಿಪಿಯನ್ನು ನಿಮಗೂ ಹೇಳಬಾರದೆಂದು ಅವರಿಗೆ ಕಲಿಸಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಲೇಬೇಡಿ. ಸಹಾಯ ಪಡೆದವರು ತಲೆ ತಗ್ಗಿಸುವಂತಾದರೆ ಅದು ಸೇವೆ ಅಲ್ಲ. ಕೆಲಸ ಮುಗಿದ ಕೂಡಲೇ ಎದ್ದು ಓಡಲೂಬೇಡಿ. ಕೊಟ್ಟ ಕಾಫಿ ಕುಡಿದು, ಹೇಳುವುದನ್ನು ಕೇಳಿ ಬನ್ನಿ. ವಾರವಿಡೀ ಒಬ್ಬರೂ ಮಾತಾಡಿಸದ ಮನೆಗಳಿವೆ.

ಮನೆಗಳಿಗೆ ಹೋಗುವುದರ ಜೊತೆಗೆ, ಹದಿನೆಂಟು ತುಂಬಿ ಆರೋಗ್ಯವಾಗಿದ್ದರೆ ರಕ್ತ ಕೊಡಿ. ಗಂಡುಮಕ್ಕಳು ಮೂರು ತಿಂಗಳಿಗೊಮ್ಮೆ, ಹೆಣ್ಣುಮಕ್ಕಳು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಹುಟ್ಟುಹಬ್ಬಕ್ಕೊಮ್ಮೆ ಕೊಟ್ಟು ಸುಮ್ಮನಾಗದೆ, ಮುಂದಿನ ಸಲದ ತಾರೀಖನ್ನೂ ಗುರುತು ಹಾಕಿಕೊಳ್ಳಿ.

ಇನ್ನು ನನ್ನ ವಾರಿಗೆಯವರಿಗೂ ಒಂದು ಮಾತು. ನಿವೃತ್ತಿ ಎಂದರೆ ಕಲಿತ ವಿದ್ಯೆಗೆ ಬೀಗ ಹಾಕುವುದಲ್ಲ. ನಮ್ಮಲ್ಲಿ ಫಿಟ್ಟರುಗಳಿದ್ದಾರೆ, ಎಲೆಕ್ಟ್ರಿಷಿಯನ್ನರಿದ್ದಾರೆ, ನರ್ಸುಗಳು, ಮೇಷ್ಟ್ರುಗಳು, ಲೆಕ್ಕ ಬರೆದವರಿದ್ದಾರೆ. ಪಕ್ಕದ ಬೀದಿಯ ಹುಡುಗಿ ಭಿನ್ನರಾಶಿಯಲ್ಲಿ ಎಡವುತ್ತಿದ್ದರೆ ಸಂಜೆ ಅರ್ಧ ಗಂಟೆ ಜೊತೆಗೆ ಕೂರಿ. ಅಪ್ಪ ಅಮ್ಮ ಓದದ ಮನೆಯ ಮಗು ಪಾಠ ಓದುವಾಗ ಕೇಳಿಸಿಕೊಳ್ಳಲು ಒಬ್ಬರು ಬೇಕು. ಹುಡುಗರಿಗೆ ನಲ್ಲಿಯ ವಾಷರ್ ಬದಲಿಸುವುದನ್ನೂ ಮೇನ್ ಸ್ವಿಚ್ ಆರಿಸಿದ ಮೇಲೆ ಫ್ಯೂಸ್ ಕಟ್ಟುವುದನ್ನೂ ಹೇಳಿಕೊಡಿ. ನಮ್ಮ ಕಾಲ ಹಾಗಿತ್ತು, ಹೀಗಿತ್ತು ಎಂದು ಕೊರೆಯುವುದು ಬೇಡ. ಅವರ ಕೈಯಿಂದಲೇ ಮಾಡಿಸಿ.

ಹೀಗೆ ನೋಡಿದರೆ ಕೊಡುವವರು ಯಾರು, ಪಡೆಯುವವರು ಯಾರು ಎಂಬ ಗೆರೆಯೇ ಉಳಿಯುವುದಿಲ್ಲ. ಫೋನ್ ತೋರಿಸಲು ಬಂದ ಹುಡುಗ ಅದೇ ಜಗಲಿಯಲ್ಲಿ ಲೆಕ್ಕ ಕಲಿತು ಹೋಗಲಿ. ಕಾರ್ಖಾನೆ ನಿಂತರೂ ಊರು ನಿಲ್ಲಬಾರದು, ಅದು ನಿಮ್ಮ ಕೈಯಲ್ಲೂ ಇದೆ, ನಮ್ಮ ಕೈಯಲ್ಲೂ ಇದೆ.

ಮಾತು ಕೊಡುವಾಗ ಮಾತ್ರ ಕಡಿಮೆ ಕೊಡಿ. ಹತ್ತು ಮನೆ ಒಪ್ಪಿಕೊಂಡು ಒಂದಕ್ಕೂ ಹೋಗದಿದ್ದರೆ, ಬಾಗಿಲ ಕಡೆ ನೋಡುತ್ತ ಕೂತವರಿಗೆ ಇದ್ದ ಭರವಸೆಯೂ ಹೋಗುತ್ತದೆ. ಪರೀಕ್ಷೆ ಬಂತೋ, ಜ್ವರ ಬಂತೋ, ಮುಂಚೆಯೇ ಹೇಳಿ, ಗೆಳೆಯನನ್ನು ಕಳಿಸಿ. ಈ ವಾರ ಒಂದೇ ಮನೆ ಆರಿಸಿಕೊಳ್ಳಿ, ಒಂದೇ ಗಂಟೆ ಗೊತ್ತುಮಾಡಿಕೊಳ್ಳಿ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಹೋಗಿ.