ಥ್ರೆಡ್ ಜೋಡಣೆ ಸೋರುತ್ತಿದೆಯೇ? ಎಲ್ಲಿ ಟೇಪ್, ಎಲ್ಲಿ ನಾರು, ಎಲ್ಲಿ ರಬ್ಬರ್

ಇಂಡಿ, ಸಿಂದಗಿಯ ನಿಂಬೆ ತೋಟ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಈರುಳ್ಳಿ ಹೊಲ ಇರಲಿ, ಬೇಸಿಗೆ ಬಂತೆಂದರೆ ಬೋರ್‌ವೆಲ್ ನೀರನ್ನು ಅಳೆದೇ ಬಿಡಬೇಕು. ಒಂದು ಜೋಡಣೆಯಲ್ಲಿ ನಿಮಿಷಕ್ಕೊಂದು ಲೋಟ, ಅಂದರೆ 200 ಮಿ.ಲೀ. ಸೋರಿದರೂ 6 ತಾಸಿಗೆ 72 ಲೀಟರ್ ಹೋಯ್ತು. ತಾಸಿಗೆ 4 ಲೀಟರ್ ಬಿಡುವ 3 ಡ್ರಿಪ್ಪರ್‌ಗಳ ಪಾಲಿನ ನೀರು ಅದು.

ಸೋರಿದರೆ ಇನ್ನೊಂದಿಷ್ಟು ಟೇಪ್ ಸುತ್ತೋದು ನಮ್ಮಲ್ಲಿ ರೂಢಿ. ಆದರೆ ಮೊದಲು ಜೋಡಣೆ ಯಾವುದು ಅಂತ ನೋಡಬೇಕು.

ಪ್ಲಾಸ್ಟಿಕ್ ಥ್ರೆಡ್: ಇದಕ್ಕೆ ಟೆಫ್ಲಾನ್ ಟೇಪ್ ಸಾಕು. ಥ್ರೆಡ್ ಒರೆಸಿ, ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ 3-4 ಸುತ್ತು ಬಿಗಿಯಾಗಿ ಸುತ್ತಿ. ತುದಿಯ ಮೊದಲ ಥ್ರೆಡ್ ಖಾಲಿ ಬಿಡಿ. ಇಲ್ಲದಿದ್ದರೆ ಟೇಪಿನ ಚೂರು ಒಳಗೆ ಹೋಗಿ ಡ್ರಿಪ್ಪರ್‌ನಲ್ಲಿ ಕೂರುತ್ತದೆ. ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಸ್ವಲ್ಪವೇ ತಿರುಗಿಸಿ. ಒಮ್ಮೆ ಬಿಗಿ ಮಾಡಿದ್ದನ್ನು ಹಿಂದಕ್ಕೆ ತಿರುಗಿಸಿದರೆ ಹಳೆ ಟೇಪ್ ತೆಗೆದು ಹೊಸದಾಗಿ ಸುತ್ತಬೇಕು.

ಕಬ್ಬಿಣದ ಜಿಐ ಪೈಪ್: ಇಲ್ಲಿ ಸಣಬಿನ ನಾರಿಗೆ ಪೈಪ್ ಪೇಸ್ಟ್ ಹಚ್ಚಿ ಸುತ್ತುವ ಹಳೆ ಪದ್ಧತಿ ಇಂದಿಗೂ ಒಳ್ಳೆಯದೇ. ನೆನೆದಾಗ ನಾರು ಉಬ್ಬಿ ಸಂದು ಮುಚ್ಚುತ್ತದೆ. ಅದೇ ಕಾರಣಕ್ಕೆ ಪ್ಲಾಸ್ಟಿಕ್ ಸಾಕೆಟ್‌ಗೆ ನಾರು ಹಾಕಬಾರದು, ಸಾಕೆಟ್ ಸೀಳಬಹುದು. ಕಬ್ಬಿಣ, ಪ್ಲಾಸ್ಟಿಕ್ ಎರಡೂ ಸೇರುವಲ್ಲಿ ಕಬ್ಬಿಣದ ಸಾಕೆಟ್‌ನೊಳಗೆ ಪ್ಲಾಸ್ಟಿಕ್ ತುದಿ ಹೋಗುವಂತೆ ನೋಡಿಕೊಳ್ಳಿ.

ರಬ್ಬರ್ ವಾಷರ್ ಅಥವಾ ರಿಂಗ್ ಇರುವಲ್ಲಿ: ಯೂನಿಯನ್, ಫಿಲ್ಟರ್ ಮುಚ್ಚಳ, ರಬ್ಬರ್ ರಿಂಗ್ ಇರುವ ಕಾಲಂ ಪೈಪ್, ಇವುಗಳಲ್ಲಿ ನೀರು ತಡೆಯುವುದು ರಬ್ಬರ್, ಥ್ರೆಡ್ ಅಲ್ಲ. ಟೇಪ್ ಸುತ್ತಿದರೆ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಸೋರಿದರೆ ರಿಂಗ್ ಬದಲಿಸಿ.

ಪೈಪ್ ಅಂಟಿಸುವ ಸಾಲ್ವೆಂಟ್ ಅನ್ನು ಥ್ರೆಡ್‌ಗೆ ಹಚ್ಚಲೇಬೇಡಿ. ಮುಂದೆ ಬಿಚ್ಚಬೇಕೆಂದರೆ ಪೈಪ್ ಕೊಯ್ಯೋದೇ ಗತಿ.

ಇನ್ನು ನಾನು ಮೋಸ ಹೋದ ಕಥೆ. ಸೋಸಿದ ಜೀವಾಮೃತ ಬಿಡಲು ವೆಂಚುರಿ ಕೂರಿಸಿದ್ದೆ. ಮೋಟಾರ್ ಓಡುತ್ತಿತ್ತು, ಎಲ್ಲೂ ಹನಿ ನೀರು ಬೀಳುತ್ತಿರಲಿಲ್ಲ, ಆದರೂ ಡ್ರಮ್ ಖಾಲಿ ಆಗಲಿಲ್ಲ. ವೆಂಚುರಿಯೇ ಕೆಟ್ಟಿದೆ ಅಂತ ಹೊಸದು ತಂದೆ. ಅದೂ ಹಾಗೇ! ತಪ್ಪು ಇದ್ದದ್ದು ಹೀರುವ ಬದಿಯ ಒಂದು ಥ್ರೆಡ್‌ನಲ್ಲಿ. ಆ ಬದಿಯಲ್ಲಿ ನೀರು ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಮೇಲಿನಿಂದ ನೀರೆತ್ತುವ ಪಂಪ್ ಗಾಳಿ ಹಿಡಿಯೋದಕ್ಕೂ ಎಷ್ಟೋ ಸಲ ಇದೇ ಕಾರಣ.

ಪರೀಕ್ಷೆ ಸುಲಭ. ಮೋಟಾರ್ ಓಡುವಾಗ ಹೀರುವ ಬದಿಯ ಜೋಡಣೆಗಳಿಗೆಲ್ಲ ಸೋಪಿನ ನೊರೆ ದಪ್ಪಗೆ ಹಚ್ಚಿ. ನೊರೆ ಎಲ್ಲಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲೇ ಸಂದು ಇದೆ. ನೀರು ತಳ್ಳುವ ಬದಿಯ ಜೋಡಣೆಗೆ ಒಣ ಕಾಗದ ಒತ್ತಿ ನೋಡಿ, ಒದ್ದೆಯಾದರೆ ಸೋರುತ್ತಿದೆ ಅಂತಲೇ ಅರ್ಥ. ಹೊಸ ಬಿಡಿಭಾಗ ತರುವ ಮುಂಚೆ ಈ ಹತ್ತು ನಿಮಿಷದ ಕೆಲಸ ಮಾಡಿ. ನಾನು ಮಾಡಿದ್ದರೆ ಒಂದು ವೆಂಚುರಿಯ ದುಡ್ಡು ಉಳೀತಿತ್ತು.